ಗುಲಗಂಜಿ: ತೂಕ, ವಿಷ ಮತ್ತು ಜನಪದ ಜ್ಞಾನ
(ಕಲಬುರಗಿ ಪರಿಸರದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ)

ಕಾಡಿನಲ್ಲಿ ತಾನಾಗಿ ಬೆಳೆಯುವ ವಿಷವಸ್ತುಗಳೊಡನೆ ಜನಸಮುದಾಯಗಳು ಎರಡು ಬಗೆಯ ಸಂಬಂಧಗಳನ್ನು ಇಟ್ಟುಕೊಂಡು ಬಂದಿವೆ. ಮೊದಲನೆಯದು ದೂರವಿಡುವ ಸಂಬಂಧ. ಮಳೆಗಾಲದಲ್ಲಿ ಏಳುವ ನಾಯಿಕೊಡೆಯ ವಿಷಯದಲ್ಲಿ ಗ್ರಾಮೀಣರು ಸಾಮಾನ್ಯವಾಗಿ ಅನುಸರಿಸುವ ನೀತಿ ಇದು. ಗುರುತಿರುವ ಅಣಬೆಯನ್ನು ಮಾತ್ರ ಮನೆಗೆ ತರಬೇಕು, ಗುರುತಿಲ್ಲದ್ದನ್ನು ಬಿಡಬೇಕು. ಎರಡನೆಯದು ವಿಷವೆಂದು ತಿಳಿದೂ ಬಳಕೆಗೆ ಒಳಪಡಿಸಿಕೊಳ್ಳುವ ಸಂಬಂಧ. ದತ್ತೂರಿ, ಎಕ್ಕ, ಕಾಸರಕ, ಗುಲಗಂಜಿ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಗುಲಗಂಜಿಯ ಸ್ಥಾನ ವಿಶಿಷ್ಟವಾದುದು. ಅದು ವೈದ್ಯರ ಚೀಲದಲ್ಲಿದ್ದಂತೆಯೇ ಅಕ್ಕಸಾಲಿಗರ ಪೆಟ್ಟಿಗೆಯಲ್ಲಿಯೂ ಇದ್ದಿತು. ಮಕ್ಕಳ ಆಟದ ಮಣೆಯ ಮೇಲಿದ್ದಂತೆಯೇ ಗಣಿತಶಾಸ್ತ್ರದ ಪರಿಭಾಷೆಯಲ್ಲಿಯೂ ಇದ್ದಿತು.

ಗುಲಗಂಜಿಯ ಇತಿಹಾಸವನ್ನು ಇದುವರೆಗೆ ತುಂಡುತುಂಡಾಗಿ ನೋಡಿರುವುದೇ ಹೆಚ್ಚು. ನಾಣ್ಯಶಾಸ್ತ್ರಜ್ಞರು ಅದನ್ನು ತೂಕದ ಮಾನವೆಂದು ಕಂಡರು. ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥಗಳು ವಿಷವೆಂದು ಕಂಡವು. ಜಾನಪದ ಸಂಗ್ರಹಗಳು ಆಟದ ಕಾಳೆಂದು, ಮನೆಮದ್ದೆಂದು ಕಂಡವು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ: ಗುಲಗಂಜಿಯ ಸಾಂಪ್ರದಾಯಿಕ ಬಳಕೆಗಳೇ ಅದರ ವಿಷದ ಅರಿವನ್ನೂ ಕಾಪಾಡಿಕೊಂಡು ಬಂದವು, ಬಳಕೆ ಕಳಚಿದಂತೆ ಅರಿವೂ ಕಳಚಿತು. ಕಲಬುರಗಿ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಸಸ್ಯ ಮತ್ತು ಅದರ ಹೆಸರುಗಳು

ಗುಲಗಂಜಿಯು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಬಳ್ಳಿ. ಬೇಲಿಗಳ ಮೇಲೆ, ಕುರುಚಲು ಕಾಡಿನ ಪೊದೆಗಳ ಮೇಲೆ ಹಬ್ಬುತ್ತದೆ. ಹುಣಿಸೆಯ ಎಲೆಯನ್ನು ಹೋಲುವ ಸಣ್ಣ ಸಣ್ಣ ಜೋಡಿ ಎಲೆಗಳು, ತಿಳಿ ನೇರಳೆ ಛಾಯೆಯ ಹೂಗೊಂಚಲು, ಒಣಗಿ ಬಿರಿದಾಗ ಕೆಂಪು ಬೀಜಗಳನ್ನು ಹೊರತೋರುವ ಕಾಯಿ, ಇವು ಅದರ ಲಕ್ಷಣಗಳು. ಬೀಜವು ಕಡುಗೆಂಪಾಗಿದ್ದು ಒಂದು ತುದಿಯಲ್ಲಿ ಕಪ್ಪು ಮಚ್ಚೆಯಿರುತ್ತದೆ. ಬಿಳಿಯ ಬೀಜದ ಪ್ರಭೇದವೂ ಉಂಟು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆಬ್ರಸ್ ಪ್ರಿಕಟೋರಿಯಸ್. ಎರಡನೆಯ ಪದವು ಪ್ರಾರ್ಥನೆಗೆ ಸಂಬಂಧಪಟ್ಟದ್ದು. ಬೀಜಗಳನ್ನು ಪೋಣಿಸಿ ಜಪಸರ ಮಾಡುತ್ತಿದ್ದ ರೂಢಿಯನ್ನು ಅದು ಸೂಚಿಸುತ್ತದೆ.

ಕಲಬುರಗಿ ಹಲವು ಭಾಷೆಗಳು ಕೂಡುವ ನೆಲ. ನಗರದ ಜಗತ್ ಪ್ರದೇಶದಿಂದ ಸರಾಫ್ ಬಜಾರಿನವರೆಗೆ ನಡೆದರೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಈ ನಾಲ್ಕು ಭಾಷೆಗಳಲ್ಲಿಯೂ ಈ ಬೀಜಕ್ಕೆ ತನ್ನದೇ ಹೆಸರಿದೆ. ಕನ್ನಡದಲ್ಲಿ ಗುಲಗಂಜಿ, ಗುರುಗುಂಜಿ, ತೂಕದ ಮಾತಿನಲ್ಲಿ ಗುಂಜಿ, ಮರಾಠಿಯಲ್ಲಿ ಗುಂಜ, ತೆಲುಗಿನಲ್ಲಿ ಗುರಿವಿಂದ, ಉರ್ದುವಿನಲ್ಲಿ ರತ್ತಿ. ತಮಿಳಿನ ಕುನ್ರಿ, ಮಲಯಾಳದ ಕುನ್ನಿ ಎಂಬವೂ ಇದೇ ಬೀಜದ ಹೆಸರುಗಳು. ಸಂಸ್ಕೃತದಲ್ಲಿ ಗುಂಜಾ ಎಂಬುದಲ್ಲದೆ, ಕಪ್ಪು ಮಚ್ಚೆಯಿಂದ ಬಂದ ಕೃಷ್ಣಲ, ಕೆಂಪು ಬಣ್ಣದಿಂದ ಬಂದ ರಕ್ತಿಕಾ ಎಂಬ ಹೆಸರುಗಳಿವೆ. ರತ್ತಿ ಎಂಬುದು ರಕ್ತಿಕಾ ಶಬ್ದದ ತದ್ಭವ. ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಇದೇ ತೂಕಕ್ಕೆ ಸುರ್ಖ್ ಎಂಬ ಪಾರಸಿ ಪದವಿದೆ. ಅದರ ಅರ್ಥವೂ ಕೆಂಪು ಎಂದೇ. ಹೀಗೆ ಭಾಷೆ ಬದಲಾದರೂ ಬೀಜದ ಬಣ್ಣವೇ ಹೆಸರಾಗಿ ಮುಂದುವರಿದದ್ದನ್ನು ಕಾಣುತ್ತೇವೆ.

ಕನ್ನಡದ ನುಡಿಗಟ್ಟಿನಲ್ಲಿ ಗುಲಗಂಜಿ ಎಂದರೆ ಅತ್ಯಲ್ಪದ ಅಳತೆ. ಇಬ್ಬರನ್ನು ಹೋಲಿಸುವಾಗ ಒಬ್ಬರದು ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ಇಂದಿಗೂ ರೂಢಿಯಲ್ಲಿದೆ. ತೆಲುಗಿನಲ್ಲಿ ಗುರಿವಿಂದ ಬೀಜವು ತನ್ನ ಕಪ್ಪನ್ನು ತಾನರಿಯದು ಎಂಬರ್ಥದ ಗಾದೆಯು ಪ್ರಸಿದ್ಧವಾಗಿದೆ. ಮೊದಲನೆಯದು ವ್ಯಾಪಾರದ ಅನುಭವದಿಂದ ಬಂದುದು, ಎರಡನೆಯದು ನೋಟದ ಅನುಭವದಿಂದ ಬಂದುದು. ಈ ಎರಡು ಮಾತುಗಳಲ್ಲಿಯೂ ವಿಷದ ಸುಳಿವಿಲ್ಲ ಎಂಬುದು ಗಮನಾರ್ಹ. ಆ ತಿಳಿವಳಿಕೆ ನುಡಿಗಟ್ಟಿನಲ್ಲಿ ಅಲ್ಲ, ಕಸುಬಿನಲ್ಲಿ ಉಳಿದಿತ್ತು.

2. ಮಳಖೇಡದ ಗಣಿತದಲ್ಲಿ ಗುಂಜೆ

ಕಲಬುರಗಿ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಸೇಡಂ ತಾಲೂಕಿನ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಕ್ರಿ.ಶ. 850ರ ಸುಮಾರಿಗೆ ರಚಿಸಿದನು. ಗ್ರಂಥದ ಆರಂಭದಲ್ಲಿಯೇ ಆತ ಅರಸನನ್ನು ಸ್ತುತಿಸಿದ್ದಾನೆ. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ ಸಹಿತ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಗ್ರಂಥದ ಪರಿಭಾಷಾ ಪ್ರಕರಣದಲ್ಲಿ ಚಿನ್ನಕ್ಕೂ ಬೆಳ್ಳಿಗೂ ಪ್ರತ್ಯೇಕ ಮಾನಗಳಿವೆ. ಚಿನ್ನದ ಮಾನದಲ್ಲಿ 4 ಗಂಡಕಗಳಿಗೆ 1 ಗುಂಜೆ, 5 ಗುಂಜೆಗೆ 1 ಪಣ, 8 ಪಣಕ್ಕೆ 1 ಧರಣ, 2 ಧರಣಕ್ಕೆ 1 ಕರ್ಷ, 4 ಕರ್ಷಕ್ಕೆ 1 ಪಲ. ಬೆಳ್ಳಿಯ ಮಾನದಲ್ಲಿ 2 ಧಾನ್ಯಗಳಿಗೆ 1 ಗುಂಜೆ, 2 ಗುಂಜೆಗೆ 1 ಮಾಷ, 16 ಮಾಷಕ್ಕೆ 1 ಧರಣ, ಎರಡೂವರೆ ಧರಣಕ್ಕೆ 1 ಕರ್ಷ. ಲೆಕ್ಕ ಹಾಕಿ ನೋಡಿದರೆ ಚಿನ್ನದ ಧರಣವು 40 ಗುಂಜೆಯಾಗುತ್ತದೆ, ಬೆಳ್ಳಿಯ ಧರಣವು 32 ಗುಂಜೆಯಾಗುತ್ತದೆ. ಆದರೆ ಎರಡರಲ್ಲಿಯೂ ಕರ್ಷವು 80 ಗುಂಜೆಯೇ.

ಈ 80ರ ಸಂಖ್ಯೆ ಮಹಾವೀರನ ಕಾಲಕ್ಕೆ ಹೊಸದಲ್ಲ. ಮನುಸ್ಮೃತಿಯಲ್ಲಿ 5 ಕೃಷ್ಣಲಕ್ಕೆ 1 ಮಾಷ, 16 ಮಾಷಕ್ಕೆ 1 ಸುವರ್ಣ ಎಂದಿದೆ; ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಸುವರ್ಣಮಾಷಕವು 5 ಗುಂಜೆ. ಮಹಾವೀರನ ಮೂರು ಶತಮಾನಗಳ ಬಳಿಕ, 1150ರಲ್ಲಿ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಇನ್ನೊಂದು ಮಾನವನ್ನು ಕೊಡುತ್ತಾನೆ: 2 ಯವೆಗೆ 1 ಗುಂಜೆ, 3 ಗುಂಜೆಗೆ 1 ವಲ್ಲ, 8 ವಲ್ಲಕ್ಕೆ 1 ಧರಣ, 2 ಧರಣಕ್ಕೆ 1 ಗದ್ಯಾಣಕ. ಇಲ್ಲಿ ಧರಣವು 24 ಗುಂಜೆಗೆ ಇಳಿದಿದೆ. ಗದ್ಯಾಣಕವು 48 ಗುಂಜೆಯಾಗಿದೆ. ಗದ್ಯಾಣ ಎಂಬುದು ಕನ್ನಡ ಶಾಸನಗಳಲ್ಲಿ ಪಣ, ಹಾಗ, ವೀಸಗಳೊಡನೆ ಮತ್ತೆ ಮತ್ತೆ ಬರುವ ಹೆಸರು. ಆದರೆ ಶಾಸನದಲ್ಲಿ ಕಾಣುವ ಪಣವೆಂಬ ನಾಣ್ಯವನ್ನು ಗಣಿತಸಾರಸಂಗ್ರಹದ ಪಣವೆಂಬ ತೂಕದೊಡನೆ ನೇರವಾಗಿ ಸಮೀಕರಿಸುವಂತಿಲ್ಲ. ಹೆಸರು ಒಂದೇ ಆದರೂ ಕಾಲದೇಶಗಳಿಗೆ ತಕ್ಕಂತೆ ಅದರ ಪ್ರಮಾಣ ಬೇರೆಯಾಗುತ್ತದೆ.

ಮಾಷದ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಹಾವೀರನ ಬೆಳ್ಳಿಯ ಮಾಷ 2 ಗುಂಜೆ. ಮನುವಿನ ಮತ್ತು ಲೀಲಾವತಿಯ ಮಾಷ 5 ಗುಂಜೆ. ಐನ್-ಇ-ಅಕ್ಬರಿಯ ಮಾಷ 8 ಸುರ್ಖ್. ಒಂದೇ ಹೆಸರಿನ ತೂಕ 2, 5, 8 ಎಂದು ಬದಲಾಗಿದೆ. ಹೀಗೆ ಮಾನಗಳ ಹೆಸರುಗಳು ನಂಬಿಕೆಗೆ ಅರ್ಹವಲ್ಲದಿದ್ದಾಗ ಅವುಗಳನ್ನು ಒಂದರೊಡನೆ ಒಂದು ಹೋಲಿಸಲು ಇರುವ ಸಾಮಾನ್ಯ ಆಧಾರವೆಂದರೆ ಕಾಡಿನ ಬಳ್ಳಿಯ ಈ ಕೆಂಪು ಬೀಜವೊಂದೇ.

ಗುಲಗಂಜಿಯ ಎಲ್ಲ ಬೀಜಗಳೂ ಒಂದೇ ತೂಕದವು ಎಂಬ ಮಾತು ಜನಜನಿತವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಬೀಜವು ಸಾಮಾನ್ಯವಾಗಿ 100 ಮಿಲಿಗ್ರಾಮಿನ ಆಚೀಚೆ ತೂಗುತ್ತದೆ. ಗಿಡದಿಂದ ಗಿಡಕ್ಕೆ, ನೆಲದಿಂದ ನೆಲಕ್ಕೆ ವ್ಯತ್ಯಾಸವಿದೆ. ಪಶ್ಚಿಮದಲ್ಲಿ ಕ್ಯಾರಟ್ ತೂಕಕ್ಕೆ ಮೂಲವಾದ ಕ್ಯಾರಬ್ ಬೀಜದ ಕುರಿತೂ ಇಂಥದೇ ನಂಬಿಕೆಯಿತ್ತು. ಆ ಬೀಜಗಳೂ ಇತರ ಬೀಜಗಳಷ್ಟೇ ಏರುಪೇರಾಗಿ ತೂಗುತ್ತವೆ, ಆದರೆ ಮನುಷ್ಯರು ಕಣ್ಣಳತೆಯಿಂದ ಆರಿಸಿದಾಗ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ ಎಂದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಗುಲಗಂಜಿಗೂ ಈ ಮಾತು ಅನ್ವಯಿಸುತ್ತದೆ ಎನ್ನಬಹುದು. ಸಮತೂಕವು ನಿಸರ್ಗದ ಕೊಡುಗೆಯಲ್ಲ, ಆರಿಸುವ ಕೈಯ ಕೌಶಲ. ಒಡಕು, ಸುಕ್ಕು, ಹುಳುಕು ಇರುವ ಬೀಜ ತ್ರಾಸಿಗೆ ಬಾರದು. ಇದರ ಇನ್ನೊಂದು ಮಹತ್ವವನ್ನು ಮುಂದೆ ನೋಡಲಿದ್ದೇವೆ.

3. ಬಹಮನಿಯರಿಂದ ದಶಮಾಂಶ ಪದ್ಧತಿಯವರೆಗೆ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿಯು ಅಹಸನಾಬಾದ್ ಎಂಬ ಹೆಸರಿನಿಂದ ರಾಜಧಾನಿಯಾಯಿತು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿ ಬೀದರಿಗೆ ಹೋಗುವವರೆಗೆ ಈ ಸ್ಥಾನ ಅದಕ್ಕಿತ್ತು. ಬಹಮನಿಯರ ಬೆಳ್ಳಿಯ ಟಂಕವು ದೆಹಲಿಯ ಮಾದರಿಯನ್ನು ಅನುಸರಿಸಿದ್ದು, ಸುಮಾರು 11 ಗ್ರಾಂ ತೂಗುತ್ತದೆ. ದೆಹಲಿಯ ಟಂಕದ ಆದರ್ಶ ತೂಕ 96 ರತ್ತಿ ಎಂಬುದು ನಾಣ್ಯಶಾಸ್ತ್ರಜ್ಞರಲ್ಲಿ ಪ್ರಚಲಿತವಾದ ಅಭಿಪ್ರಾಯ. ಕೃಷ್ಣೆಯ ದಕ್ಷಿಣಕ್ಕೆ ವಿಜಯನಗರದಲ್ಲಿ ಸುಮಾರು 3.4 ಗ್ರಾಮಿನ ಚಿನ್ನದ ವರಾಹ ನಡೆಯುತ್ತಿದ್ದಿತು. ಮುಂದೆ ಸ್ಥಿರಗೊಂಡ ರತ್ತಿಯ ತೂಕದಿಂದ ಭಾಗಿಸಿದರೆ ಅದು 28 ಗುಲಗಂಜಿಗಳಷ್ಟಾಗುತ್ತದೆ. ರಾಯಚೂರು ದೋಆಬಿಗಾಗಿ ಕಾದಾಡಿದ ಎರಡು ರಾಜ್ಯಗಳ ನಾಣ್ಯಗಳು ಲೋಹದಲ್ಲಿಯೂ ಲಿಪಿಯಲ್ಲಿಯೂ ಬೇರೆಯಾಗಿದ್ದರೂ ಗಡಿಯ ಎರಡೂ ಬದಿಯ ಸರಾಫರು ಅವುಗಳನ್ನು ಒಂದೇ ಬೀಜದಿಂದ ಲೆಕ್ಕಹಾಕಬಹುದಾಗಿತ್ತು.

ಮೊಗಲರ ಕಾಲಕ್ಕೆ 8 ರತ್ತಿಗೆ 1 ಮಾಷ, 12 ಮಾಷಕ್ಕೆ 1 ತೊಲ ಎಂಬ ಕ್ರಮ ಪ್ರಧಾನವಾಯಿತು. ಈಸ್ಟ್ ಇಂಡಿಯಾ ಕಂಪನಿಯು 1833ರಲ್ಲಿ ತೊಲವನ್ನು 180 ಟ್ರಾಯ್ ಗ್ರೇನುಗಳಿಗೆ, ಎಂದರೆ 11.66 ಗ್ರಾಮಿಗೆ, ಗೊತ್ತುಪಡಿಸಿತು. ಅದರ 96ನೆಯ ಒಂದು ಭಾಗವಾದ ರತ್ತಿಯು ಸುಮಾರು 0.1215 ಗ್ರಾಂ ಆಯಿತು. ಈ ಘಟ್ಟದಲ್ಲಿ ಬೀಜಕ್ಕೂ ಮಾನಕ್ಕೂ ಇದ್ದ ಸಂಬಂಧ ತಿರುಗುಮುರುಗಾಯಿತು. ಅದುವರೆಗೆ ಬೀಜದಿಂದ ತೊಲವನ್ನು ಕಟ್ಟಲಾಗುತ್ತಿತ್ತು. ಅಂದಿನಿಂದ ತೊಲವನ್ನು ಒಡೆದು ರತ್ತಿಯನ್ನು ಪಡೆಯಲಾಯಿತು. ಗುಲಗಂಜಿಯು ಮಾನದಂಡವಾಗಿರುವುದು ತಪ್ಪಿ, ಅದರ ಹೆಸರು ಮಾತ್ರ ಮಾನವಾಗಿ ಉಳಿಯಿತು.

ಕಲಬುರಗಿ ಅಂದು ನಿಜಾಮರ ಸಂಸ್ಥಾನದಲ್ಲಿದ್ದಿತು. ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ ಬ್ರಿಟಿಷ್ ಭಾರತದ ರೂಪಾಯಿಗಿಂತ ಬೇರೆಯಾದುದರಿಂದ, ಸೊಲ್ಲಾಪುರ, ವಿಜಾಪುರಗಳ ಕಡೆಗೆ ವ್ಯವಹಾರವಿದ್ದ ಇಲ್ಲಿನ ವರ್ತಕರಿಗೆ ಎರಡೂ ನಾಣ್ಯಗಳ ತೂಕ ತಿಳಿದಿರಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ವಿಲೀನವಾಯಿತು. 1956ರ ನವೆಂಬರ್ 1ರಂದು ಕಲಬುರಗಿಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಅದೇ 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆ ಬಂದಿತು. 1958ರಿಂದ ಮೊದಲ್ಗೊಂಡು ದಶಮಾಂಶ ತೂಕಗಳು ಹಂತಹಂತವಾಗಿ ಜಾರಿಗೆ ಬಂದವು. ಭಾಷಾವಾರು ರಾಜ್ಯದ ಉದಯ ಮತ್ತು ಗುಂಜಿಯ ಅಧಿಕೃತ ಅಸ್ತ ಹೀಗೆ ಒಂದೇ ವರ್ಷದ ಘಟನೆಗಳಾಗಿವೆ. ಪತ್ತಾರರ ಮಾತಿನಲ್ಲಿ ಗುಂಜಿ, ತೊಲಿಗಳು ಬಳಿಕವೂ ಉಳಿದವು. ಆದರೆ ತ್ರಾಸಿನ ತಟ್ಟೆಯಿಂದ ಬೀಜ ಹೊರಬಿದ್ದಿತು.

4. ವೈದ್ಯಗ್ರಂಥಗಳಲ್ಲಿ ಗುಲಗಂಜಿ

ಗುಂಜೆಯ ವಿಷಗುಣ ಪ್ರಾಚೀನ ವೈದ್ಯರಿಗೆ ಚೆನ್ನಾಗಿ ತಿಳಿದಿದ್ದಿತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಎಣಿಸಿರುವ ಎಂಟು ಮೂಲವಿಷಗಳಲ್ಲಿ ಗುಂಜೆಯೂ ಒಂದು. ಅನಂತರದ ರಸಶಾಸ್ತ್ರ ಪರಂಪರೆಯಲ್ಲಿ ಎಕ್ಕ, ಕಣಗಿಲೆ, ದತ್ತೂರಿ, ಅಫೀಮು ಮೊದಲಾದವುಗಳೊಡನೆ ಅದನ್ನು ಉಪವಿಷಗಳ ಸಾಲಿನಲ್ಲಿ ಸೇರಿಸಲಾಯಿತು. ಉಪವಿಷವೆಂಬ ವರ್ಗೀಕರಣದಲ್ಲಿ ಒಂದು ವಿವೇಕವಿದೆ. ಇದು ವಿಷ; ಆದರೆ ಶೋಧನೆಯ ಬಳಿಕ ಔಷಧಕ್ಕೆ ಒದಗಬಹುದು ಎಂಬುದು ಅದರ ತಾತ್ಪರ್ಯ. ಗುಂಜೆಯ ಬೀಜಗಳನ್ನು ಹಾಲಿನಲ್ಲಿ ಅಥವಾ ಹುಳಿಗಂಜಿಯಲ್ಲಿ ಬಹುಹೊತ್ತು ಬೇಯಿಸುವುದು ಶಾಸ್ತ್ರೋಕ್ತ ಶೋಧನಕ್ರಮ. ಹೀಗೆ ಶುದ್ಧಗೊಳಿಸಿದ ಬೀಜದ ತೈಲವನ್ನು ತಲೆಯ ಚರ್ಮದ ಬೇನೆಗಳಿಗೆ, ಕೂದಲುದುರುವ ಇಂದ್ರಲುಪ್ತಕ್ಕೆ ಹೊರಲೇಪನವಾಗಿ ವಿಧಿಸಲಾಗಿದೆ.

ಇಲ್ಲಿಯೂ ಮಾನ್ಯಖೇಟದ ಸಂಬಂಧವೊಂದಿದೆ. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು ಮಾಂಸಾಹಾರವನ್ನು ನಿರಾಕರಿಸುವ ತನ್ನ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ಹೇಳಿಕೊಂಡಿದ್ದಾನೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಗುಂಜೆಯನ್ನು ಮಾನವಾಗಿ ಕಂಡ ಗಣಿತಜ್ಞನೂ ಔಷಧಿ ವಿಷಗಳ ವಿವೇಚನೆಯಲ್ಲಿ ತೊಡಗಿದ್ದ ವೈದ್ಯನೂ ಒಂದೇ ಆಸ್ಥಾನದ ಪರಿಸರಕ್ಕೆ ಸೇರಿದವರು. ವಿಷಚಿಕಿತ್ಸೆಯನ್ನೇ ವಸ್ತುವಾಗುಳ್ಳ ಕನ್ನಡ ಗ್ರಂಥವೆಂದರೆ ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ. ಸಸ್ಯ ಖನಿಜಗಳ ಸ್ಥಾವರವಿಷ, ಪ್ರಾಣಿಗಳ ಜಂಗಮವಿಷ ಎಂಬ ವಿಭಾಗವನ್ನು ದೇಸೀ ಓದುಗರಿಗೆ ತಿಳಿಯಪಡಿಸಿದ ಕೃತಿ ಅದು. ವಿಷವಿದ್ಯೆಯು ಸಂಸ್ಕೃತ ಪಂಡಿತರ ವಲಯಕ್ಕೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆಧುನಿಕ ವಿಜ್ಞಾನದಲ್ಲಿ ಗುಲಗಂಜಿಯ ಪ್ರವೇಶ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಾಯಿತು. ಪ್ಯಾರಿಸಿನ ನೇತ್ರವೈದ್ಯ ಲೂಯಿ ದ ವೆಕರ್ 1882ರಲ್ಲಿ ಬ್ರೆಜಿಲಿನ ಜನಪದ ಚಿಕಿತ್ಸೆಯನ್ನು ಆಧರಿಸಿ, ಬೀಜದ ಕಷಾಯವನ್ನು ಟ್ರಕೋಮಾ ಎಂಬ ಕಣ್ಣುರೋಗಕ್ಕೆ ಬಳಸತೊಡಗಿದನು. ಕಣ್ಣಿನಲ್ಲಿ ತೀವ್ರ ಉರಿಯೂತ ಎಬ್ಬಿಸಿ ಹಳೆಯ ಪೊರೆಯನ್ನು ಕರಗಿಸುವುದು ಅದರ ತತ್ತ್ವ. ಉರಿಯೂತವನ್ನು ಹತೋಟಿಯಲ್ಲಿಡಲಾಗದೆ ಕಣ್ಣೇ ಹೋಗುವ ಅಪಾಯವಿದ್ದುದರಿಂದ ಆ ಚಿಕಿತ್ಸೆ ಕ್ರಮೇಣ ನಿಂತಿತು. ಕಷಾಯದ ಪ್ರಭಾವ ಸೂಕ್ಷ್ಮಾಣುಗಳಿಂದ ಬಂದುದೆಂಬ ವಾದವನ್ನು ಕಲ್ಕತ್ತೆಯಲ್ಲಿ ವಾರ್ಡನ್ ಮತ್ತು ವಾಡೆಲ್ 1884ರಲ್ಲಿ ಖಂಡಿಸಿ, ಬೀಜದಲ್ಲಿಯೇ ಇರುವ ಪ್ರೋಟೀನು ಅದಕ್ಕೆ ಕಾರಣವೆಂದು ತೋರಿಸಿದರು. ಅದೇ ಆಬ್ರಿನ್. 1891ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಆಬ್ರಿನ್ ಮತ್ತು ಹರಳು ಬೀಜದ ರಿಸಿನ್‌ಗಳನ್ನು ಇಲಿಗಳಿಗೆ ಅತ್ಯಲ್ಪ ಪ್ರಮಾಣದಿಂದ ಮೊದಲ್ಗೊಂಡು ಕೊಟ್ಟು, ದೇಹವು ವಿಷಕ್ಕೆ ಪ್ರತಿರೋಧವನ್ನು ಗಳಿಸುವ ಬಗೆಯನ್ನು ಅಳೆದು ತೋರಿಸಿದನು. ರೋಗನಿರೋಧ ಶಾಸ್ತ್ರದ ಅಡಿಗಲ್ಲುಗಳಲ್ಲಿ ಈ ಪ್ರಯೋಗವೂ ಒಂದು.

ಆಬ್ರಿನ್ ಜೀವಕೋಶದೊಳಗೆ ಹೊಕ್ಕು ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುತ್ತದೆ, ಕೋಶ ಸಾಯುತ್ತದೆ. ಬೀಜವನ್ನು ಅಗಿದು ನುಂಗಿದರೆ ಕೆಲವು ಗಂಟೆಗಳಿಂದ ಒಂದೆರಡು ದಿನಗಳ ಒಳಗೆ ವಾಂತಿ, ರಕ್ತಭೇದಿ, ನಿತ್ರಾಣ ತಲೆದೋರುತ್ತವೆ. ಒಂದೆರಡು ಬೀಜವೂ ಮಗುವಿಗೆ ಮಾರಕವಾಗಬಹುದು. ಇದಕ್ಕೆ ಪ್ರತಿವಿಷವಿಲ್ಲ. ಆದರೆ ಬೀಜದ ಹೊರಕವಚ ಬಹಳ ಗಟ್ಟಿಯಾದುದು. ಇಡಿಯಾಗಿ ನುಂಗಿದ ಬೀಜವು ಅನೇಕ ಸಂದರ್ಭಗಳಲ್ಲಿ ಜೀರ್ಣವಾಗದೆ ಹೊರಹೋಗುತ್ತದೆ. ಪ್ರೋಟೀನಾದುದರಿಂದ ದೀರ್ಘಕಾಲ ಕುದಿಸಿದಾಗ ಅದರ ಶಕ್ತಿ ಕುಂದುತ್ತದೆ. ಶೋಧನಕ್ರಮದಲ್ಲಿ ಬೇಯಿಸುವ ವಿಧಿ ಏಕೆ ಬಂದಿತೆಂಬುದಕ್ಕೆ ಇದರಿಂದ ಸಮಂಜಸವಾದ ವಿವರಣೆ ದೊರೆಯುತ್ತದೆ.

5. ಬಳಕೆಯೊಳಗಣ ಎಚ್ಚರ

ಈ ತಿಳಿವಳಿಕೆಯ ಬೆಳಕಿನಲ್ಲಿ ಜನಪದ ಬಳಕೆಗಳನ್ನು ನೋಡಿದರೆ, ಅವುಗಳ ಹಿಂದೆ ಬರೆದಿಡದ ಒಂದು ನಿಯಮಾವಳಿ ಇದ್ದುದು ಗೋಚರವಾಗುತ್ತದೆ.

ಮೊದಲನೆಯದಾಗಿ, ಗಿಡದ ಭಾಗಗಳ ಭೇದ. ಗುಲಗಂಜಿಯ ಎಲೆ ಸಿಹಿ. ಬೇರಿನಲ್ಲಿಯೂ ಅತಿಮಧುರವನ್ನು ನೆನಪಿಸುವ ರುಚಿಯಿದೆ. ಕೆಮ್ಮು, ಗಂಟಲುಕಟ್ಟಿಗೆ ಎಲೆಯನ್ನು ಅಗಿಯುವುದು, ಬೇರನ್ನು ಅತಿಮಧುರಕ್ಕೆ ಬದಲಾಗಿ ಬಳಸುವುದು ದೇಶದ ಅನೇಕ ಕಡೆ ಇದ್ದ ರೂಢಿ. ಎಲೆಯ ಸಿಹಿಗೆ ಕಾರಣವಾದ ಆಬ್ರುಸೋಸೈಡ್ ಎಂಬ ದ್ರವ್ಯಗಳನ್ನು ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಗುರುತಿಸಿದರು. ಅದೇ ಬಳ್ಳಿಯ ಬೀಜ ಮಾತ್ರ ಬಾಯಿಗೆ ನಿಷಿದ್ಧ. ಒಂದೇ ಗಿಡದಲ್ಲಿ ಮದ್ದನ್ನೂ ವಿಷವನ್ನೂ ಬೇರ್ಪಡಿಸಿ ತಿಳಿಯುವುದು ಸುಲಭದ ಮಾತಲ್ಲ. ಎಷ್ಟೋ ತಲೆಮಾರುಗಳ ಕಹಿ ಅನುಭವ ಅದರ ಹಿಂದೆ ಇರಲೇಬೇಕು.

ಎರಡನೆಯದಾಗಿ, ಇಡಿ ಬೀಜ ಮತ್ತು ಒಡೆದ ಬೀಜಗಳ ಭೇದ. ಅಳಗುಳಿಮಣೆಯಲ್ಲಿ ಹುಣಿಸೆಬೀಜ, ಕವಡೆಗಳಂತೆ ಗುಲಗಂಜಿಯನ್ನೂ ಕಾಯಾಗಿ ಬಳಸುತ್ತಾರೆ. ಕೇರಳದ ಗುರುವಾಯೂರು ದೇವಾಲಯದಲ್ಲಿ ಮಕ್ಕಳು ಉರುಳಿಯಲ್ಲಿ ತುಂಬಿಟ್ಟ ಕುನ್ನಿಕುರುಗಳನ್ನು ಕೈಯಿಂದ ವಾರುವ ಹರಕೆಯಿದೆ. ಗೋಪಾಲಕೃಷ್ಣನ ಗುಂಜಾಮಾಲೆ ಭಾಗವತ ಪರಂಪರೆಯಲ್ಲಿ ಪ್ರಸಿದ್ಧ. ಇವೆಲ್ಲವೂ ಇಡಿ ಬೀಜದ ಬಳಕೆಗಳು. ತೂಕದ ಬಳಕೆಯೂ ಹಾಗೆಯೇ. ಒಡಕು ಬೀಜವನ್ನು ಪತ್ತಾರ ತೆಗೆದುಹಾಕುವುದು ತೂಕ ತಪ್ಪುತ್ತದೆಂಬ ಕಾರಣಕ್ಕೆ. ಆದರೆ ಅಪಾಯಕಾರಿಯಾದುದೂ ಒಡಕು ಬೀಜವೇ. ವ್ಯಾಪಾರದ ನಿಖರತೆಗಾಗಿ ಪಾಲಿಸಿದ ನಿಯಮವೇ ಮನೆಯವರ ಸುರಕ್ಷತೆಗೂ ಒದಗಿತು ಎಂದು ಊಹಿಸಬಹುದು.

ಮೂರನೆಯದಾಗಿ, ಅರೆದ ಬೀಜದ ಬಳಕೆ. ಸೂಕ್ಷ್ಮ ಕೆಲಸದ ಆಭರಣಗಳಲ್ಲಿ ಚಿನ್ನದ ಸಣ್ಣ ಗುಂಡುಗಳನ್ನೂ ತಂತಿಗಳನ್ನೂ ಬೆಸುಗೆಗೆ ಮೊದಲು ಸ್ಥಳದಲ್ಲಿ ನಿಲ್ಲಿಸಲು ಗುಲಗಂಜಿಯನ್ನು ನೀರಿನಲ್ಲಿ ತೇದು ಬಂದ ಅಂಟನ್ನು ಅಕ್ಕಸಾಲಿಗರು ಬಳಸುತ್ತಿದ್ದರು. ಬೆಂಕಿಗೆ ಹಿಡಿದಾಗ ಅಂಟು ಉರಿದುಹೋಗುತ್ತದೆ, ಚಿನ್ನದ ಮೇಲೆ ಕಲೆ ಉಳಿಯದು. ತೇದ ಬೀಜವು ಗಾಯಕ್ಕೋ ಕಣ್ಣಿಗೋ ತಗಲಿದರೆ ಅಪಾಯ. ಆದುದರಿಂದ ಇದು ಕಸುಬುದಾರರ ಕೈಯಲ್ಲಿಯೇ ಉಳಿದ ಬಳಕೆ. ಒಂದೇ ಕುಶಲಕರ್ಮಿಯ ಪೆಟ್ಟಿಗೆಯಲ್ಲಿ ಇಡಿ ಗುಲಗಂಜಿ ತೂಕವಾಗಿಯೂ ತೇದ ಗುಲಗಂಜಿ ಅಂಟಾಗಿಯೂ ಇದ್ದವು. ಎರಡಕ್ಕೂ ಇರುವ ಅಂತರ ಆತನಿಗೆ ಕಸುಬಿನ ಭಾಗವಾಗಿ ತಿಳಿದಿರುತ್ತಿತ್ತು.

ನಾಲ್ಕನೆಯದಾಗಿ, ಹೋಲುವ ಬೀಜಗಳ ಭೇದ. ಆನೆಗುಲಗಂಜಿ ಎಂಬ ಮರದ ಬೀಜ ಪೂರ್ಣ ಕೆಂಪು, ಕಪ್ಪು ಮಚ್ಚೆಯಿಲ್ಲ, ತೂಕ ಗುಲಗಂಜಿಯ ಎರಡರಷ್ಟಕ್ಕಿಂತ ತುಸು ಹೆಚ್ಚು. ಅದು ಗುಲಗಂಜಿಯಂತೆ ಉಗ್ರ ವಿಷವಲ್ಲ. ತಮಿಳುನಾಡಿನ ತೂಕದ ಪದ್ಧತಿಯಲ್ಲಿ 2 ಕುನ್ರಿಗೆ 1 ಮಂಜಾಡಿ ಎನ್ನುವುದು ಈ ಮರದ ಬೀಜವನ್ನೇ ಕುರಿತುದು. ಇವೆರಡನ್ನೂ ಬೇರ್ಪಡಿಸಲು ಕಪ್ಪು ಮಚ್ಚೆಯೇ ಗುರುತು. ಅಣಬೆಯನ್ನು ಆರಿಸುವವರಿಗೆ ಕೊಡೆಯ ಬಣ್ಣ, ಕಾಂಡದ ಬಳೆಗಳು ಹೇಗೋ ಹಾಗೆ ಇಲ್ಲಿ ಈ ಮಚ್ಚೆ.

6. ಸೂಜಿಯ ಆರೋಪ ಮತ್ತು ವಸಾಹತು ದಾಖಲೆ

ಗುಲಗಂಜಿಯ ವಿಷದ ಕುರಿತು ಹೆಚ್ಚು ಬರೆದಿಟ್ಟದ್ದು ವಸಾಹತು ಸರ್ಕಾರದ ಪೊಲೀಸ್ ಮತ್ತು ವೈದ್ಯಕೀಯ ದಾಖಲೆಗಳು. ಸಿಪ್ಪೆ ತೆಗೆದ ಬೀಜವನ್ನು ನೆನೆಸಿ ಅರೆದು, ಆ ಹಿಟ್ಟನ್ನು ಸುಮಾರು ಎರಡು ಸೆಂಟಿಮೀಟರು ಉದ್ದದ ಮೊನೆಗಳಾಗಿ ಹೊಸೆದು ಬಿಸಿಲಿನಲ್ಲಿ ಒಣಗಿಸಿ, ಮರದ ಹಿಡಿಗೆ ಸಿಕ್ಕಿಸಿ, ದನದ ಮೈಗೆ ಚುಚ್ಚುವ ಕ್ರಮವನ್ನು ಅವು ವರ್ಣಿಸುತ್ತವೆ. ಸುಯಿ ಅಥವಾ ಸುತಾರಿ ಎಂದು ಇದಕ್ಕೆ ಹೆಸರು. ಜೈಸಿಂಗ್ ಮೋದಿ ಅವರ ವೈದ್ಯಕೀಯ ನ್ಯಾಯಶಾಸ್ತ್ರದ ಪಠ್ಯವು 1920ರಲ್ಲಿ ಮೊದಲು ಪ್ರಕಟವಾಗಿ, ಹಲವಾರು ಆವೃತ್ತಿಗಳಲ್ಲಿ ಈ ವರ್ಣನೆಯನ್ನು ತಲೆಮಾರುಗಳ ವೈದ್ಯ ವಿದ್ಯಾರ್ಥಿಗಳಿಗೆ ತಲುಪಿಸಿತು.

ಇಂಥ ಕೃತ್ಯಗಳು ನಡೆದಿಲ್ಲವೆಂದು ಹೇಳಲಾಗದು. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಭಾರತದ ಅಧಿಕಾರಿಗಳು ಕೆಲವು ಪ್ರಕರಣಗಳಿಂದ ಒಂದು ಜಾತಿಯನ್ನೇ ಅಪರಾಧಿಯನ್ನಾಗಿಸಿದರು. ತೊಗಲಿಗಾಗಿ ದನಗಳಿಗೆ ವಿಷವಿಡುವುದು ಚಮ್ಮಾರರ ಕುಲಕಸುಬೆಂಬಂತೆ ವರದಿಗಳು ಬರೆದವು. ಇತಿಹಾಸಕಾರ ಸೌರಭ್ ಮಿಶ್ರಾ ಅವರು 2011ರಲ್ಲಿ ಪ್ರಕಟಿಸಿದ ಲೇಖನದಲ್ಲಿ, 1850ರಿಂದ 1890ರ ಅವಧಿಯಲ್ಲಿ ಈ ಕಳಂಕವು ಹೇಗೆ ರೂಪುಗೊಂಡಿತೆಂಬುದನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಅದೇ ಕಾಲದಲ್ಲಿ ದನಗಳ ಮಹಾಮಾರಿಯು ಹಳ್ಳಿಹಳ್ಳಿಗಳನ್ನು ಬರಿದುಮಾಡುತ್ತಿದ್ದಿತು. ಅದರ ವಿಚಾರಣೆಗಾಗಿಯೇ ನೇಮಕವಾದ ಆಯೋಗವು 1871ರಲ್ಲಿ ವರದಿ ಕೊಟ್ಟಿತ್ತು. ತೊಗಲಿನ ರಫ್ತು ವ್ಯಾಪಾರವೂ ಬೆಳೆಯುತ್ತಿದ್ದಿತು. ಸತ್ತ ದನವನ್ನು ಸಾಗಿಸುವುದು ಯಾರ ಪಾಲಿಗೆ ಬಂದಿತ್ತೋ ಅವರ ಮೇಲೆಯೇ ಕೊಂದ ಆರೋಪವೂ ಬಂದಿತು. ರೋಗದಿಂದ ಸತ್ತದ್ದೆಷ್ಟು, ವಿಷದಿಂದ ಸತ್ತದ್ದೆಷ್ಟು ಎಂದು ಅಂದಿನ ಗ್ರಾಮಮಟ್ಟದಲ್ಲಿ ಬಿಡಿಸಿ ಹೇಳುವ ಉಪಾಯ ಇರಲಿಲ್ಲ.

ಇದನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವಿದೆ. ಸಸ್ಯದ ಜನಪದ ಉಪಯೋಗಗಳನ್ನು ಪಟ್ಟಿಮಾಡುವ ಎಷ್ಟೋ ಬರಹಗಳು ದನಕ್ಕೆ ವಿಷವಿಡುವುದನ್ನೂ ಜಾತಿಯ ಹೆಸರಿನೊಡನೆ ಒಂದು ಉಪಯೋಗವೆಂಬಂತೆ ಎತ್ತಿಕೊಳ್ಳುತ್ತವೆ. ಪೊಲೀಸ್ ದಾಖಲೆಯ ಆರೋಪವು ಹೀಗೆ ಜನಪದ ಜ್ಞಾನದ ವೇಷದಲ್ಲಿ ಮರುಹುಟ್ಟು ಪಡೆಯುತ್ತದೆ. ತೂಕಕ್ಕಾಗಿ ಗುಲಗಂಜಿ ಇಟ್ಟುಕೊಂಡ ಸರಾಫನಿಗೂ ಅಂಟಿಗಾಗಿ ತೇದ ಪತ್ತಾರನಿಗೂ ಅದರ ವಿಷ ತಿಳಿದಿದ್ದಿತು. ಆದರೆ ಆ ತಿಳಿವಳಿಕೆಗಾಗಿ ಅವರ ಸಮುದಾಯಗಳನ್ನು ಯಾರೂ ಶಂಕಿಸಲಿಲ್ಲ. ಒಂದೇ ಅರಿವು ಕೆಲವರಲ್ಲಿ ಕೌಶಲವೆನಿಸಿ, ಇನ್ನು ಕೆಲವರಲ್ಲಿ ಅಪರಾಧವೆನಿಸಿತು. ಸಂಶೋಧಕರು ಇಂಥ ಆಕರಗಳನ್ನು ಬಳಸುವಾಗ ಈ ಅಸಮತೋಲನವನ್ನು ಮರೆಯಬಾರದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮಳಖೇಡದ ಗಣಿತದಿಂದ ನಿಜಾಮರ ಕಾಲದ ಸರಾಫ ಕಟ್ಟೆಯವರೆಗೆ, ರಾಜ್ಯಗಳು ಬದಲಾದರೂ ಗುಲಗಂಜಿಯು ಚಿನ್ನ ಬೆಳ್ಳಿಗಳ ಲೆಕ್ಕಕ್ಕೆ ಸಾಮಾನ್ಯ ಆಧಾರವಾಗಿದ್ದಿತು. ಅದರ ಸಮತೂಕವು ಆರಿಕೆಯಿಂದ ಸಾಧಿತವಾದುದು. ವೈದ್ಯಗ್ರಂಥಗಳು ಅದರ ವಿಷವನ್ನು ಹೆಸರಿಸಿ ಶೋಧನೆಯನ್ನು ವಿಧಿಸಿದವು. ಜನಪದವು ಇಡಿ, ಒಡಕು, ಹಸಿ, ಬೆಂದ, ಎಲೆ, ಬೀಜ ಎಂಬ ಭೇದಗಳ ಮೂಲಕ ಅದನ್ನು ಪಳಗಿಸಿಕೊಂಡಿತು.

1956ರ ಕಾಯಿದೆಯು ವ್ಯಾಪಾರಕ್ಕೆ ನಿಖರತೆಯನ್ನು ತಂದಿತು ಎಂಬುದರಲ್ಲಿ ಎರಡು ಮಾತಿಲ್ಲ. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ನಿಯಮಗಳು ಗುಂಜಾಬೀಜವನ್ನು ವಿಷದ್ರವ್ಯಗಳ ಅನುಸೂಚಿಗೆ ಸೇರಿಸಿ, ಅದನ್ನೊಳಗೊಂಡ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿದುದೂ ಯುಕ್ತವೇ. ಆದರೆ ಕಸುಬಿನಿಂದ ಹೊರಬಿದ್ದ ಬೀಜ ಅಲಂಕಾರದ ವಸ್ತುವಾಗಿ ಉಳಿದುಕೊಂಡಿತು. ಅದರೊಡನಿದ್ದ ಎಚ್ಚರ ಮಾತ್ರ ಹಿಂದೆ ಉಳಿಯಿತು. 2011ರಲ್ಲಿ ಬ್ರಿಟನ್ನಿನಲ್ಲಿ ಇದೇ ಬೀಜದ ಕೈಸರಗಳನ್ನು ಮಾರಿದ ಮಳಿಗೆಗಳು ಅವು ವಿಷವೆಂದು ತಿಳಿದು ಕೊಂಡವರಿಂದ ಹಿಂದಕ್ಕೆ ಪಡೆಯಬೇಕಾಯಿತು. ಸರಕ್ಕೆ ಪೋಣಿಸಲು ಬೀಜಕ್ಕೆ ತೂತು ಕೊರೆಯಬೇಕಾಗುತ್ತದೆ. ತೂತು ಕೊರೆದ ಬೀಜವೆಂದರೆ ಕವಚ ಒಡೆದ ಬೀಜವೇ. ಇಡಿ ಬೀಜವನ್ನೇ ಆರಿಸುತ್ತಿದ್ದ ತ್ರಾಸಿನ ನಿಯಮ ಇಲ್ಲಿ ಇಲ್ಲವಾಗಿದೆ.

ಕಮಲಾಪುರದಿಂದ ಚಿಂಚೋಳಿಯವರೆಗಿನ ಗುಡ್ಡಸಾಲಿನ ಸಸ್ಯಗಳ ಕುರಿತು, ಕಲಬುರಗಿಯ ಹಳೆಯ ಪತ್ತಾರ ಮನೆತನಗಳ ತೂಕದ ಪೆಟ್ಟಿಗೆಗಳ ಕುರಿತು, ನಾಲ್ಕೂ ಭಾಷೆಗಳ ಸರಾಫಿ ಲೆಕ್ಕದ ಪುಸ್ತಕಗಳ ಕುರಿತು ವ್ಯವಸ್ಥಿತವಾದ ದಾಖಲಾತಿ ನಡೆಯಬೇಕಾದುದು ಅಗತ್ಯ. ಅಂಥ ದಾಖಲಾತಿಯಲ್ಲಿ ಯಾವ ಗಿಡ ಯಾವುದಕ್ಕೆ ಮದ್ದು ಎಂಬ ಪಟ್ಟಿಯಷ್ಟೇ ಸಾಲದು. ಅದನ್ನು ಯಾರು, ಯಾವ ಭಾಗವನ್ನು, ಹೇಗೆ ಶುದ್ಧಗೊಳಿಸಿ, ಎಲ್ಲಿಗೆ ನಿಲ್ಲಿಸುತ್ತಿದ್ದರು ಎಂಬುದೂ ಸೇರಬೇಕು. ನಿಷೇಧವನ್ನು ಬಿಟ್ಟು ಉಪಯೋಗವನ್ನು ಮಾತ್ರ ಬರೆದಿಟ್ಟರೆ, ಮುಂದಿನ ತಲೆಮಾರಿನ ಕೈಗೆ ನಾವು ಕೊಡುವುದು ಜ್ಞಾನವಲ್ಲ, ಬರಿಯ ವಿಷ.